ಹದಿಮೂರು ಕುಬ್ಜರು, ಒಂದು ಕತ್ತರಿ

ಮಾರಾಯಾ,

ಆಷಾಢ ಹಿಡಿದು ಹತ್ತು ದಿನ ಆಯಿತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಸ್ಟುಡಿಯೊ ಫೋನು ಸುಮ್ಮನೆ ಬಿದ್ದಿದೆ. ಮಳೆ ಮಾತ್ರ ಬಿಟ್ಟೂಬಿಡದೆ ಹೊಯ್ಯುತ್ತಿದೆ. ಕಳೆದ ಸಲ ಊರಿಗೆ ಬಂದಾಗ ನೀನು ಬಿಟ್ಟುಹೋದ ‘ಹಾಬಿಟ್’ ಬ್ಲೂ-ರೇ ಡಬ್ಬಿ ಇತ್ತಲ್ಲ, ಮೂರೂ ಭಾಗಗಳ ಎಕ್ಸ್‌ಟೆಂಡೆಡ್ ಆವೃತ್ತಿ, ಅದನ್ನು ಕೊನೆಗೂ ಬಿಚ್ಚಿದೆ. ನೋಡುವುದಕ್ಕಲ್ಲ, ಕತ್ತರಿಸುವುದಕ್ಕೆ.

ಇದಕ್ಕೆಲ್ಲ ಕಾರಣ ನೀನೇ. 2014ರ ಡಿಸೆಂಬರ್‌ನಲ್ಲಿ ಮೂರನೇ ಭಾಗ ನೋಡಿ ಹೊರಗೆ ಬಂದವನು ಥಿಯೇಟರಿನ ಮೆಟ್ಟಿಲ ಮೇಲೆಯೇ ನಿಂತು ನನಗೆ ಬೈದಿದ್ದೆ, ಸಿನಿಮಾ ತೆಗೆದವನು ನಾನೇ ಎಂಬ ಹಾಗೆ. “ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ತೆಗೆದು ಬಿಸಾಡಿದರೆ ಒಳಗೆ ಒಂದು ಒಳ್ಳೆ ಸಿನಿಮಾ ಉಂಟು. ನೀನು ಎಡಿಟರ್ ಅಲ್ವಾ, ಮಾಡು ನೋಡುವ.” ಆಗ ನಕ್ಕು ಬಸ್ಸು ಹತ್ತಿದೆವು. ಮಾತು ಮಾತ್ರ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

ನಿನ್ನಂತೆ ಸಿಟ್ಟಾದವರು ಲೋಕದ ತುಂಬ ಇದ್ದರು. ಮೂರನೇ ಭಾಗದ ಬಿಸಿ ಆರುವ ಮೊದಲೇ, 2015ರ ಜನವರಿಯಲ್ಲಿ, ಹೆಸರು ಹೇಳಿಕೊಳ್ಳದ ಅಭಿಮಾನಿಯೊಬ್ಬ ಮೂರನ್ನೂ ಕೂಡಿಸಿ, ಕತ್ತರಿಸಿ, ನಾಲ್ಕು ಗಂಟೆ ಚಿಲ್ಲರೆಯ ಒಂದೇ ಸಿನಿಮಾ ಮಾಡಿದ. ಅವನ ಹಿಂದೆ ಇನ್ನಷ್ಟು ಜನ ಹೊರಟರು, ಒಬ್ಬೊಬ್ಬರು ಕತ್ತರಿಸಿದ್ದೂ ಬೇರೆ ಬೇರೆ. ಲೆಕ್ಕ ಹಾಕಿದರೆ ಅವರ ಸಿಟ್ಟು ಅರ್ಥವಾಗುತ್ತದೆ. 1937ರಲ್ಲಿ ಟೋಲ್ಕೀನ್ ಮಕ್ಕಳಿಗೆಂದು ಪ್ರಕಟಿಸಿದ ಪುಸ್ತಕ ಮುನ್ನೂರು ಪುಟದ ಆಸುಪಾಸಿನದು. ಗ್ಯಾಂಡಾಲ್ಫ್ ಎಂಬ ಮಾಂತ್ರಿಕನ ಮಾತಿಗೆ ಬಿಲ್ಬೊ ಎಂಬ ಹಾಬಿಟ್, ಅಂದರೆ ಒಬ್ಬ ಗಿಡ್ಡ ಮನುಷ್ಯ, ಹದಿಮೂರು ಕುಬ್ಜರ ಜೊತೆ ಹೊರಟು, ಸ್ಮಾಗ್ ಎಂಬ ಡ್ರ್ಯಾಗನ್ ಕಸಿದುಕೊಂಡ ಅವರ ಬೆಟ್ಟವನ್ನು ಬಿಡಿಸಿಕೊಳ್ಳಲು ಹೋಗುವುದು, ಕತೆ ಇಷ್ಟೇ. ಪೀಟರ್ ಜಾಕ್ಸನ್ ಅದರಿಂದ ತೆಗೆದ ಮೂರು ಚಿತ್ರಗಳು ಥಿಯೇಟರಿನಲ್ಲಿ 169, 161, 144 ನಿಮಿಷ. ಈ ಡಬ್ಬಿಯಲ್ಲಿ ಇರುವುದು ಇನ್ನೂ ಉದ್ದ. ಒಟ್ಟು 532 ನಿಮಿಷ, ಒಂಬತ್ತು ಗಂಟೆಗೆ ಎಂಟೇ ನಿಮಿಷ ಕಡಿಮೆ. ಮಗುವಿನ ನಾಮಕರಣಕ್ಕೆ ಐದು ದಿನದ ಚಪ್ಪರ ಹಾಕಿದ ಹಾಗೆ.

ಈ ಚಾಳಿ ಹಾಬಿಟ್‌ಗಿಂತ ಹಳೆಯದು. 1999ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಮೊದಲ ಎಪಿಸೋಡಿನಿಂದ ಯಾರೋ ಇಪ್ಪತ್ತು ನಿಮಿಷದಷ್ಟು ಕಿತ್ತು, ಜಾರ್ ಜಾರ್ ಎಂಬ ಕೋಡಂಗಿಯ ಹಾವಳಿ ತಗ್ಗಿಸಿದ್ದ ಪ್ರತಿ ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತಂತೆ. ಮಾಡಿದವನು ವೃತ್ತಿಯಿಂದಲೇ ಎಡಿಟರ್ ಎಂದು ಆಮೇಲೆ ಗೊತ್ತಾಯಿತು. ನನಗೇನೂ ಆಶ್ಚರ್ಯ ಆಗಲಿಲ್ಲ. ನಮ್ಮ ಕಸುಬಿನವರು ನೆಂಟರ ಮದುವೆ ವಿಡಿಯೊ ನೋಡಲು ಕೂತರೂ ವಧೂವರರನ್ನು ನೋಡುವುದಿಲ್ಲ, ಕಟ್ ಎಲ್ಲಿ ತಪ್ಪಿದೆ ಎಂದು ನೋಡುತ್ತೇವೆ. ಈ ಮಂದಿಯಲ್ಲೂ ಒಂದು ಕಟ್ಟುಪಾಡು ಇದೆ: ಇದರಿಂದ ದುಡ್ಡು ಮಾಡಬಾರದು, ನೋಡುವವನ ಹತ್ತಿರ ಅಸಲಿ ಡಿಸ್ಕ್ ಇರಬೇಕು. ಕಾನೂನಿಗೆ ಅಷ್ಟು ಸಾಕೋ ಇಲ್ಲವೋ, ಅದು ಬೇರೆ ಮಾತು. ನನ್ನದಂತೂ ಈ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ. ನೋಡಬೇಕಾದರೆ ನೀನೇ ಬರಬೇಕು.

ನಿನ್ನ ಮಾತನ್ನೇ ನಿಯಮ ಮಾಡಿಕೊಂಡೆ. ಪುಸ್ತಕದಲ್ಲಿ ಇಲ್ಲದ್ದು ಟೈಮ್‌ಲೈನಿನಲ್ಲೂ ಬೇಡ. ಮೊದಲ ರಾತ್ರಿ ಏನು ಸುಖ ಅಂತೀಯಾ! ಸರೋವರದ ಊರಿನ ಒಡೆಯನ ಬಾಲ ಆಲ್ಫ್ರಿಡ್ ಹೋದ. ಅವನು ಹೋದದ್ದಕ್ಕೆ ಯಾರೂ ಅಳುವುದಿಲ್ಲ. ಮೊಲಗಳು ಎಳೆಯುವ ಗಾಡಿಯ ಜೊತೆ ಇನ್ನೊಬ್ಬ ಮಾಂತ್ರಿಕ ರಾಡಗಾಸ್ಟ್ ಹೋದ. ಗ್ಯಾಂಡಾಲ್ಫ್ ನಡುವೆ ಎಲ್ಲಿಗೆ ಹೋಗಿದ್ದ ಎಂಬುದನ್ನು ಪುಸ್ತಕ ಒಂದೆರಡು ಮಾತಿನಲ್ಲಿ ಮುಗಿಸುತ್ತದೆ, ಸಿನಿಮಾದಲ್ಲಿ ಅದೇ ಡೋಲ್ ಗುಲ್ದೂರಿನ ಪಾಳುಕೋಟೆಯ ದೊಡ್ಡ ಉಪಕತೆ. ಅದೂ ಹೋಯಿತು. ಬೆಳಗಿನ ಜಾವಕ್ಕೆ ನಾನೊಬ್ಬ ಮಹಾ ಜಾಣ ಅಂದುಕೊಂಡು ಮಲಗಿದೆ.

ಎರಡನೇ ರಾತ್ರಿ ಟೌರಿಯೆಲ್ ಸರದಿ.

ಅವಳು ಸಿನಿಮಾದವರೇ ಹುಟ್ಟಿಸಿದ ಎಲ್ಫ್ ಹುಡುಗಿ, ಎಲ್ಫ್ ಎಂದರೆ ಕಾಡಿನ ಕಿನ್ನರರ ಹಾಗೆ. ಲೆಗೊಲಸ್ ಎಂಬ ಎಲ್ಫ್ ಕೂಡ ಈ ಪುಸ್ತಕದಲ್ಲಿ ಇಲ್ಲ. ಇಬ್ಬರನ್ನೂ ಎತ್ತಿಬಿಟ್ಟರೆ ಆಯಿತು ಅಂದುಕೊಂಡೆ. ಪೀಪಾಯಿಯ ದೃಶ್ಯ ನೆನಪು ಮಾಡಿಕೋ. ಪುಸ್ತಕದಲ್ಲಿ ಬಿಲ್ಬೊ ಎಲ್ಫ್‌ಗಳ ಸೆರೆಯಲ್ಲಿದ್ದ ಕುಬ್ಜರನ್ನು ಪೀಪಾಯಿಗಳಲ್ಲಿ ತುಂಬಿ ಮುಚ್ಚಳ ಹಾಕುತ್ತಾನೆ, ಎಲ್ಫ್ ಆಳುಗಳು ಖಾಲಿ ಪೀಪಾಯಿ ಅಂದುಕೊಂಡೇ ಹೊಳೆಗೆ ಉರುಳಿಸುತ್ತಾರೆ. ಸದ್ದಿಲ್ಲ, ಗದ್ದಲವಿಲ್ಲ. ಸಿನಿಮಾದಲ್ಲಿ ಪೀಪಾಯಿಗೆ ಮುಚ್ಚಳವೇ ಇಲ್ಲ, ದಂಡೆಯುದ್ದಕ್ಕೂ ಓರ್ಕ್ ಎಂಬ ರಕ್ಕಸರು, ಕುಬ್ಜರ ತಲೆ ಮೇಲೆ ಕಾಲಿಟ್ಟುಕೊಂಡು ಬಾಣ ಬಿಡುವ ಲೆಗೊಲಸ್. ಹೊಳೆಯ ಕದ ಮುಚ್ಚಿಕೊಳ್ಳುತ್ತದೆ. ಕೀಲಿ ಎಂಬ ಎಳೆಯ ಕುಬ್ಜ ಮೇಲೆ ಹತ್ತಿ ಹಿಡಿ ಎಳೆದು ಕದ ತೆರೆಯುತ್ತಾನೆ (ಕನ್ನಡದಲ್ಲಿ ನೋಡಿದರೆ ಹೆಸರಿಗೆ ತಕ್ಕ ಕೆಲಸ!). ಅಲ್ಲೇ ಅವನ ಕಾಲಿಗೆ ವಿಷದ ಬಾಣ ನಾಟುವುದು. ಆ ವಿಷ ಏರಿ ಸರೋವರದ ಊರಿನಲ್ಲಿ ಅವನು ಮಲಗಿಬಿಡುತ್ತಾನೆ. ಅವನಿಗಾಗಿ ಅಣ್ಣ ಫೀಲಿ ಉಳಿಯುತ್ತಾನೆ, ಮದ್ದು ಬಲ್ಲ ಓಯಿನ್ ಉಳಿಯುತ್ತಾನೆ, ರಾತ್ರಿ ಕುಡಿದು ಮಲಗಿದ ಬೋಫರ್‌ಗೆ ದೋಣಿಯೇ ತಪ್ಪಿಹೋಗುತ್ತದೆ.

ನಾನು ಓರ್ಕ್‌ಗಳನ್ನು ಕಿತ್ತೆ, ಬಾಣ ಕಿತ್ತೆ, ಗಾಯ ಕಿತ್ತೆ, ರೋಗಿ ಮಲಗಿದ ಮನೆಯನ್ನೂ ಕಿತ್ತೆ. ಪೀಪಾಯಿಗಳು ನೀರಿಗೆ ಬಿದ್ದವು, ಒಂದು ನಿಧಾನದ ಡಿಸಾಲ್ವ್, ಮುಂದಿನ ಶಾಟ್‌ನಲ್ಲಿ ದಡ. ಚೆನ್ನಾಗಿ ಕೂತಿತು. ಮರುದಿನ ಅಕ್ಕನ ಮಗನನ್ನು ಕೂರಿಸಿ ತೋರಿಸಿದೆ. ಹನ್ನೊಂದು ವರ್ಷದವನು, ಪುಸ್ತಕ ಓದಿಲ್ಲ, ಸಿನಿಮಾ ನೋಡಿಲ್ಲ. ಬೆಟ್ಟದ ಗುಟ್ಟಿನ ಬಾಗಿಲ ಮುಂದೆ ಕುಬ್ಜರ ನಾಯಕ ಥೋರಿನ್ ನಿಂತಿದ್ದಾನೆ, ಹೊತ್ತು ಮುಳುಗುತ್ತಿದೆ, ಬೀಗದ ಕಂಡಿ ಸಿಗುತ್ತಿಲ್ಲ. ಈ ಪುಣ್ಯಾತ್ಮ ಬೆರಳು ಮಡಚಿ ಎಣಿಸುತ್ತಿದ್ದಾನೆ. “ಮಾವ, ಒಂಬತ್ತೇ ಜನ. ಇನ್ನು ನಾಲ್ಕು ಜನ ಎಲ್ಲಿ?”

ಹದಿನೈದು ವರ್ಷದಿಂದ ನಾನು ಕೇಳಿಸಿಕೊಳ್ಳುತ್ತಿರುವ ಪ್ರಶ್ನೆ ಅದು! ಆರು ಗಂಟೆಯ ಫುಟೇಜನ್ನು ಎರಡು ಗಂಟೆಗೆ ಇಳಿಸಿ ಪೆನ್ ಡ್ರೈವ್ ಕೊಟ್ಟು ಕಳಿಸಿದರೆ ಮೂರನೇ ದಿನ ಫೋನು ಬರುತ್ತದೆ. “ಧಾರೆ ಹೊತ್ತಿಗೆ ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದರಲ್ಲ, ವಿಡಿಯೊದಲ್ಲಿ ಕಾಣುವುದೇ ಇಲ್ಲ?” ದಿಬ್ಬಣ ಇಳಿಯುವಾಗ ಒಮ್ಮೆ ಮುಖ ತೋರಿಸಿದವರನ್ನು ಆಮೇಲೆ ಮಾಯ ಮಾಡುವ ಹಾಗಿಲ್ಲ. ಕುಬ್ಜರದ್ದೂ ಅದೇ ಕತೆ. ಹದಿಮೂರು ಜನ ಬಿಲ್ಬೊನ ಬಾಗಿಲು ತಟ್ಟಿ, ಉಗ್ರಾಣ ಖಾಲಿ ಮಾಡಿ, ಹಾಡು ಹೇಳಿ ಹೊರಟದ್ದನ್ನು ನಾನೇ ಪೂರ್ತಿ ಉಳಿಸಿದ್ದೆ.

ಸರಿ, ಗಾಯವನ್ನು ವಾಪಸ್ ತಂದೆ. ಗಾಯಕ್ಕೆ ಬಾಣ ಬೇಕು. ಬಾಣಕ್ಕೆ ಬಿಟ್ಟ ಓರ್ಕ್ ಬೇಕು. ಓರ್ಕ್ ಬಂದರೆ ಅವನನ್ನು ಅಟ್ಟುವ ಎಲ್ಫ್‌ಗಳು ಬೇಕು. ಲಂಗೋಟಿ ಉಳಿಸಲು ಬೆಕ್ಕು ಸಾಕಿ, ಬೆಕ್ಕಿಗೆಂದು ಹಸು ಕಟ್ಟಿದ ಸನ್ಯಾಸಿಯ ಸಂಸಾರ ನನ್ನದಾಯಿತು. ಕಡೆಗೆ ಹೊಳೆಯ ಗಲಾಟೆಯಲ್ಲಿ ಎರಡೂವರೆ ನಿಮಿಷ ಉಳಿಸಿಕೊಂಡೆ. ಕೀಲಿಗೆ ಮದ್ದು ಹಾಕುವುದು ಟೌರಿಯೆಲ್ಲೇ. ಅದನ್ನು ಬಿಟ್ಟು, ಬೋಫರ್ ಸೊಪ್ಪು ಹುಡುಕಿಕೊಂಡು ಓಡುವವರೆಗೆ ಇಟ್ಟೆ. ಸೊಪ್ಪಿನಿಂದಲೇ ವಾಸಿಯಾಯಿತು ಎಂದು ನೋಡಿದವರು ತಿಳಿದುಕೊಳ್ಳಲಿ.

ಯಕ್ಷಗಾನದ ಕಾಲಮಿತಿ ಆಟದಲ್ಲಿ ಭಾಗವತರು ಪದ್ಯ ಹಾರಿಸುವುದನ್ನು ನಾವು ಎಷ್ಟು ಸಲ ನೋಡಿಲ್ಲ! ಬೆಳಗಿನವರೆಗೆ ಹೋಗಬೇಕಾದ ಪ್ರಸಂಗ ನಡುರಾತ್ರಿಗೆ ಮಂಗಳ ಹಾಡಿಕೊಳ್ಳುತ್ತದೆ, ಎಲ್ಲೂ ಹರಿದ ಹಾಗೆ ಕಾಣುವುದಿಲ್ಲ. ಹಾರಿಸಿದ ಜಾಗವನ್ನು ವೇಷಧಾರಿ ಎರಡು ಮಾತಿನಲ್ಲಿ ಹೊಲಿದುಬಿಡುತ್ತಾನೆ. ನನ್ನ ಹತ್ತಿರ ಆ ನೂಲಿಲ್ಲ. “ಕೀಲಿಗೆ ಜ್ವರ, ಹಿಂದೆ ಬಿಟ್ಟು ಬಂದೆವು” ಎಂದು ಬಿಲ್ಬೊ ಪಾತ್ರದ ಮಾರ್ಟಿನ್ ಫ್ರೀಮನ್ ನನಗಾಗಿ ಒಂದು ಸಾಲು ಹೇಳಿಕೊಡುವುದಿಲ್ಲ. ಅವರು ಶೂಟ್ ಮಾಡಿದ್ದೇ ನನ್ನ ಗಂಟು.

ಸೌಂಡಿನ ಪಾಡು ಇನ್ನೊಂದು. ಚಿತ್ರ ಎಲ್ಲಿ ಬೇಕಾದರೂ ಕತ್ತರಿಸಬಹುದು, ಅದರಡಿಯ ಸಂಗೀತ ಅರ್ಧಕ್ಕೆ ತುಂಡಾದರೆ ಕುರುಡನಿಗೂ ಕಟ್ ಕಾಣುತ್ತದೆ. ಡಿಸ್ಕ್‌ನಲ್ಲಿ ಸೌಂಡು ಚಾನೆಲ್ ಚಾನೆಲ್ ಆಗಿ ಬೇರೆ ಇರುತ್ತದೆ, ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲಿ. ಅದನ್ನಷ್ಟೇ ಎತ್ತಿಕೊಂಡು, ಕೆಳಗೆ ಹೋವರ್ಡ್ ಶೋರ್ ಸಂಗೀತದ ಆಲ್ಬಮ್ಮಿನಿಂದ ಬೇರೆ ತುಣುಕು ಹಾಸಬೇಕು. ನೀರಿನ ಸದ್ದು, ಗಾಳಿ, ಹೆಜ್ಜೆ ಎಲ್ಲ ಮತ್ತೆ ಹೊಸದಾಗಿ. ಒಂದು ಜಾಗದಲ್ಲಿ ಹೊಳೆಯ ಸದ್ದು ಸಾಲದೆ ನಮ್ಮ ಹಿತ್ತಿಲ ತೋಡಿನದ್ದೇ ರೆಕಾರ್ಡ್ ಮಾಡಿ ಸೇರಿಸಿದ್ದೇನೆ. ಯಾವ ಜಾಗ ಎಂದು ಕಂಡುಹಿಡಿ ನೋಡುವ.

ಹೆಮ್ಮೆಯ ಕಟ್ ಒಂದಿದೆ. ಕುಬ್ಜರು ಕುಲುಮೆ ಹಚ್ಚಿ, ಚಿನ್ನ ಕರಗಿಸಿ ಸ್ಮಾಗ್‌ನನ್ನು ಅದರಲ್ಲಿ ಮುಳುಗಿಸುವ ಪ್ರಹಸನ ಪುಸ್ತಕದಲ್ಲಿಲ್ಲ. ಅದನ್ನು ತೆಗೆದೆ. ಆದರೆ ಡ್ರ್ಯಾಗನ್ ಬೆಟ್ಟದಿಂದ ನುಗ್ಗಿ ಹೊರಬರುವಾಗ ಮೈತುಂಬ ಚಿನ್ನ ಸುರಿಯುತ್ತಿರುತ್ತದೆ, ಕುಲುಮೆ ತೋರಿಸದೆ ಆ ಚಿನ್ನ ತೋರಿಸುವುದು ಹೇಗೆ? ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಬಿಲ್ಬೊ ಜೊತೆಗಿನ ಮಾತಿನಲ್ಲಿ ಅದು ಸಿಟ್ಟಿಗೇಳುವಲ್ಲೇ ನಿಲ್ಲಿಸಿ, ನೇರ ಮೂರನೇ ಭಾಗದ ಆರಂಭಕ್ಕೆ, ಊರಿನ ಜನ ಗಂಟುಮೂಟೆ ಕಟ್ಟಿ ಓಡುವಲ್ಲಿಗೆ ಹಾರಿದೆ. ಹೊರಬಂದದ್ದನ್ನು ಯಾರೂ ನೋಡಲಿಲ್ಲ, ಆದರೆ ಬಂತು. ಹುಡುಗ ನನ್ನ ತೋಳು ಹಿಡಿದುಕೊಂಡ. ಎಣಿಸುವುದನ್ನು ಮರೆತಿದ್ದ.

ಗುಹೆಯೊಳಗೆ ಬಿಲ್ಬೊ ಮತ್ತು ಗೊಲ್ಲಮ್ ಒಗಟು ಹಾಕಿಕೊಳ್ಳುವಲ್ಲಿ ಒಂದು ಫ್ರೇಮ್ ಕೂಡ ಮುಟ್ಟಿಲ್ಲ. ಮುಟ್ಟಿದರೆ ಕೈಗೆ ಹುಣ್ಣಾಗುತ್ತದೆ.

ಇನ್ನೊಂದು ವಿಷಯ. ಒಂದು ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಕೆಲಸಕ್ಕೆ ಮನಸ್ಸಾಗದೆ ಡಬ್ಬಿಯಲ್ಲಿದ್ದ ಮೇಕಿಂಗ್, ಸಿನಿಮಾ ತೆಗೆದ ಕತೆಯ ವಿಡಿಯೊ, ಹಾಕಿಕೊಂಡೆ. ನೀನು ಅದನ್ನು ನೋಡಿಲ್ಲ ಎಂದು ಬೆಟ್ಟು ಕಟ್ಟುತ್ತೇನೆ. ಈ ಸಿನಿಮಾ ಮಾಡಬೇಕಿದ್ದವರು ಗಿಲೆರ್ಮೊ ಡೆಲ್ ಟೊರೊ ಎಂಬ ಇನ್ನೊಬ್ಬ ನಿರ್ದೇಶಕರು. ಅವರು 2010ರಲ್ಲಿ ಬಿಟ್ಟುಹೋದರು, ಜಾಕ್ಸನ್ ತಾವೇ ಹೊತ್ತುಕೊಂಡರು, 2011ರ ಮಾರ್ಚ್‌ನಲ್ಲಿ ಶೂಟಿಂಗ್ ಶುರು. ತಯಾರಿಗೆ ಹೊತ್ತೇ ಸಿಗಲಿಲ್ಲ ಎಂದು ಅವರೇ ಹೇಳುತ್ತಾರೆ. ದೊಡ್ಡ ಯುದ್ಧ ಹೇಗೆ ತೆಗೆಯಬೇಕೆಂದು ಹೊಳೆಯದೆ ಅದನ್ನು 2013ಕ್ಕೆ ಮುಂದೂಡಿದರು. ಎರಡು ಸಿನಿಮಾ ಎಂದು ಹೊರಟದ್ದು, ಮುಖ್ಯ ಶೂಟಿಂಗ್ ಮುಗಿದ ತಿಂಗಳಲ್ಲೇ, 2012ರ ಜುಲೈನಲ್ಲಿ, ಮೂರು ಎಂದಾಯಿತು. ಸೆಟ್ಟಿನ ನಡುವೆ ಆ ಮನುಷ್ಯ ಕೂತಿರುವ ರೀತಿ ನೋಡಬೇಕು. ನಿದ್ದೆಗೆಟ್ಟ ಮುಖ, ಸುತ್ತ ನೂರಾರು ಜನ, ಎಲ್ಲರೂ ಮುಂದಿನ ಶಾಟ್ ಏನೆಂದು ಕಾಯುತ್ತಿದ್ದಾರೆ.

ಆ ಮುಖದ ಪರಿಚಯ ನನಗಿದೆ. ಒಮ್ಮೆ ಒಂದು ಮದುವೆಯಲ್ಲಿ ಮುಹೂರ್ತ ಒಂದು ಗಂಟೆ ಮೊದಲಿಗೇ ಬಂದದ್ದನ್ನು ನನಗೆ ಯಾರೂ ಹೇಳಿರಲಿಲ್ಲ. ಬ್ಯಾಟರಿ ಚಾರ್ಜಿಗೆ ಹಾಕಿ ತಿಂಡಿ ತಿನ್ನುತ್ತಿದ್ದೆ, ಗಟ್ಟಿಮೇಳ ಕೇಳಿಸಿತು. ಎಲೆ ಬಿಟ್ಟು ಓಡಿದೆ, ಸಿಕ್ಕಿದ್ದು ಜನರ ಬೆನ್ನು. ಆಮೇಲೆ ಆ ವಿಡಿಯೊ ತುಂಬಿಸಲು ನಾನು ಹಾಕದ ಕಸವಿಲ್ಲ: ಚಪ್ಪರದ ಹೂವು, ಅಡುಗೆಮನೆಯ ಹೊಗೆ, ಆಡುವ ಮಕ್ಕಳು. ಆ ಮೇಕಿಂಗ್ ನೋಡಿದ ಮೇಲೆ ಜಾಕ್ಸನ್ ಮೇಲಿದ್ದ ನಿನ್ನ ಸಿಟ್ಟು ನನ್ನಲ್ಲಿ ಅರ್ಧ ಇಳಿಯಿತು. ಆಲ್ಫ್ರಿಡ್‌ಗೆ ಮಾತ್ರ ಕ್ಷಮೆ ಇಲ್ಲ.

ಈಗ ನಿಜವಾದ ಸಂಗತಿಗೆ ಬರುತ್ತೇನೆ, ಪತ್ರ ಬರೆದದ್ದೇ ಇದಕ್ಕೆ. ಯುದ್ಧ ಮುಗಿದ ಮೇಲೆ, ಥೋರಿನ್ ಸತ್ತ ಮೇಲೆ, ಬಿಲ್ಬೊ ಒಂದು ಕಡೆ ಕೂತಿರುತ್ತಾನೆ. ಗ್ಯಾಂಡಾಲ್ಫ್ ಬಂದು ಪಕ್ಕದಲ್ಲಿ ಕೂರುತ್ತಾನೆ. ಜೇಬಿನಿಂದ ಪೈಪು ತೆಗೆಯುತ್ತಾನೆ, ಅದು ಕಟ್ಟಿಕೊಂಡಿದೆ, ಕೆರೆಯುತ್ತಾನೆ, ತಂಬಾಕು ತುಂಬಲು ನೋಡುತ್ತಾನೆ. ಆ ಕೆರೆಯುವ ಸದ್ದೊಂದೇ. ಬಿಲ್ಬೊ ಒಮ್ಮೆ ತಿರುಗಿ ನೋಡುತ್ತಾನೆ, ಗ್ಯಾಂಡಾಲ್ಫ್ ಒಮ್ಮೆ. ಇಬ್ಬರೂ ಒಂದು ಮಾತೂ ಆಡುವುದಿಲ್ಲ.

ಇದು ಪುಸ್ತಕದಲ್ಲಿ ಇಲ್ಲ. ನೀನು ಹೇಳಿದ ಲೆಕ್ಕದಲ್ಲಿ ಹೋಗಬೇಕಾದದ್ದೇ. ತೆಗೆದೆ ಕೂಡ, ಮೂರು ಸಲ. ಮೂರು ಸಲವೂ ಕಂಟ್ರೋಲ್ ಝಡ್ ಒತ್ತಿದೆ. ಅಪ್ಪ ಹೋದ ದಿನ ನೀನು ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತು, ಏನೂ ಮಾತಾಡದೆ ಅಡಿಕೆ ಹೋಳು ಮಾಡುತ್ತಾ ಇದ್ದದ್ದು ನೆನಪಾಯಿತು. ನಾವಿಬ್ಬರೂ ಎಲೆ ಅಡಿಕೆ ಹಾಕುವವರೇ ಅಲ್ಲ.

ನನ್ನ ಹಾಬಿಟ್ ಈಗ ನಾಲ್ಕು ಗಂಟೆ ಹನ್ನೊಂದು ನಿಮಿಷ ಇದೆ. ಚೌತಿಗೆ ಬರುತ್ತೀಯಲ್ಲ, ಒಂದು ದಿನ ಮೊದಲೇ ಬಾ. ಅಮ್ಮ ಪತ್ರೊಡೆ ಮಾಡುತ್ತೇನೆ ಅಂದಿದ್ದಾಳೆ, ತಟ್ಟೆ ಹಿಡಿದುಕೊಂಡೇ ಕೂರುವ. ಪೈಪಿನ ದೃಶ್ಯ ಬಂದಾಗ ಬೈಯಬೇಕು ಅನಿಸಿದರೆ ಬೈ. ರಿಮೋಟ್ ಮಾತ್ರ ನನ್ನ ಕೈಯಲ್ಲೇ ಇರುತ್ತದೆ.

ಇಂತಿ ನಿನ್ನ
ಕತ್ತರಿಯವ