ಸೊನ್ನೆಯ ಪಕ್ಕದ ನಕ್ಷತ್ರ ಚಿಹ್ನೆ

ಮಾನ್ಯ ಸಂಪಾದಕರಿಗೆ,

ಕ್ರೆಡಿಟ್ ಕಾರ್ಡಿನ ಹಳೆಯ ಬಾಕಿಯನ್ನು ತಮ್ಮ ಕಾರ್ಡಿಗೆ ವರ್ಗಾಯಿಸಿಕೊಂಡರೆ ಹನ್ನೆರಡು ತಿಂಗಳು ಬಡ್ಡಿಯೇ ಇಲ್ಲ ಎಂದು ಸಾರುವ ಜಾಹೀರಾತುಗಳನ್ನು ತಮ್ಮ ಓದುಗರೆಲ್ಲ ನೋಡಿಯೇ ಇರುತ್ತಾರೆ. ಅವುಗಳಲ್ಲಿ ಸೊನ್ನೆ ಅಂಗೈಯಗಲ ಇರುತ್ತದೆ, ಅದರ ಹೆಗಲ ಮೇಲೆ ಕೂತ ನಕ್ಷತ್ರ ಚಿಹ್ನೆ ಸಾಸಿವೆ ಕಾಳಿನಷ್ಟಿರುತ್ತದೆ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂದು ಎಲ್ಲರೂ ಕರೆಯುವ ಈ ಸೌಲಭ್ಯವನ್ನು ಬಳಸಿಕೊಂಡವರಲ್ಲಿ ನಾನೂ ಒಬ್ಬಳು. ಮೋಸ ಹೋದೆ ಎಂದು ಗೋಳು ಹೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಕೂಡಿಸಿ ಕಳೆದು ನೋಡಿದರೆ ನನಗೆ ಉಳಿತಾಯವೇ ಆಗಿದೆ. ಆದರೆ ಆ ಉಳಿತಾಯದ ಒಂದು ಪಾಲು ನನ್ನ ಕಣ್ಣೆದುರೇ ಸೋರಿಹೋಯಿತು, ಅದು ಸೋರುತ್ತಿದೆ ಎಂಬುದನ್ನು ತಿಳಿಸಬಹುದಾಗಿದ್ದ ಕೆಲವು ಸಾಲುಗಳು ನನಗೆ ಬಂದ ಯಾವ ಸ್ಟೇಟ್‌ಮೆಂಟಿನಲ್ಲೂ ಇರಲಿಲ್ಲ.

ಹಳೆಯ ಕಾರ್ಡಿನಲ್ಲಿ ಒಂದು ಲಕ್ಷದ ಬಾಕಿಯಿತ್ತು. ತಿಂಗಳಿಗೆ ಶೇಕಡಾ 3.5ರ ಬಡ್ಡಿ, ಅಂದರೆ ಚಕ್ರಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೂ ವರ್ಷಕ್ಕೆ ಶೇಕಡಾ 42. ತಿಂಗಳ ದರವನ್ನು ಹೇಳಿದರೆ ಸಣ್ಣದಾಗಿ ಕೇಳಿಸುತ್ತದೆ ಎಂಬುದು ಬ್ಯಾಂಕುಗಳಿಗೆ ಗೊತ್ತಿರುವಷ್ಟು ಚೆನ್ನಾಗಿ ನಮಗೆ ಗೊತ್ತಿರುವುದಿಲ್ಲ. ಹೊಸ ಕಾರ್ಡಿನವರು ಹನ್ನೆರಡು ತಿಂಗಳ ಮಟ್ಟಿಗೆ ಸೊನ್ನೆ ಬಡ್ಡಿಯನ್ನೂ, ವರ್ಗಾವಣೆಗೆ ಒಂದೇ ಸಲ ಶೇಕಡಾ 3ರ ಶುಲ್ಕವನ್ನೂ ಹೇಳಿದರು. ಫೋನಿನಲ್ಲಿ ಮಾತಾಡಿದ ಹುಡುಗ ಬಹಳ ವಿನಯದಿಂದ, "ಮೇಡಂ, ಒಂದು ಕಾಸೂ ಬಡ್ಡಿ ಬೀಳಲ್ಲ, ನೀವು ಕಟ್ಟಿದ್ದೆಲ್ಲ ಅಸಲಿಗೇ ಹೋಗುತ್ತೆ" ಎಂದ. ಅವನು ಸುಳ್ಳು ಹೇಳಲಿಲ್ಲ. ಆ ಕೊನೆಯ ಮಾತಿನಲ್ಲೇ ನನ್ನ ಮುಂದಿನ ತೊಂದರೆಯ ಬೀಜವಿತ್ತು ಎಂಬುದು ಅವನಿಗೂ ಗೊತ್ತಿತ್ತೋ ಇಲ್ಲವೋ, ನನಗಂತೂ ಹೊಳೆಯಲಿಲ್ಲ.

ಶುಲ್ಕದ 3,000 ಸೇರಿ ಬಾಕಿ 1,03,000 ಆಯಿತು. ತಿಂಗಳಿಗೆ 8,600ರಂತೆ ಕಟ್ಟಿದರೆ ವರ್ಷದೊಳಗೆ ತೀರುತ್ತದೆ. ಅಷ್ಟೇ ಹಣವನ್ನು ಹಳೆಯ ಕಾರ್ಡಿಗೇ ಕಟ್ಟುತ್ತ ಹೋಗಿದ್ದರೆ ಸಾಲ ಮುಗಿಯಲು ಹದಿನಾರನೆಯ ತಿಂಗಳು ಬರುತ್ತಿತ್ತು, ಬಡ್ಡಿಯೊಂದೇ ಮೂವತ್ತು ಸಾವಿರವನ್ನು ದಾಟುತ್ತಿತ್ತು. ಆದ್ದರಿಂದ ನನ್ನ ನಿರ್ಧಾರ ತಪ್ಪಾಗಿರಲಿಲ್ಲ. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಶೇಕಡಾ 3 ಎಂದರೆ ವರ್ಷಕ್ಕೆ ಶೇಕಡಾ 3ರ ಬಡ್ಡಿಯೆಂದು ತಿಳಿಯುವುದು ಸರಿಯಲ್ಲ. ಕಂತು ಕಟ್ಟುತ್ತ ಹೋದಂತೆ ಬಾಕಿ ಇಳಿಯುತ್ತದೆ, ಶುಲ್ಕವನ್ನು ಮಾತ್ರ ಪೂರ್ತಿ ಬಾಕಿಯ ಮೇಲೆ ಮೊದಲ ದಿನವೇ ತೆಗೆದುಕೊಂಡಿರುತ್ತಾರೆ. ಹನ್ನೆರಡು ಸಮ ಕಂತುಗಳಲ್ಲಿ ತೀರಿಸುವವರಿಗೆ ಅದು ವರ್ಷಕ್ಕೆ ಸುಮಾರು ಶೇಕಡಾ 5.5ರಷ್ಟು ಬೀಳುತ್ತದೆ. ಅದೇ ಶುಲ್ಕಕ್ಕೆ ಮೂರೇ ತಿಂಗಳ ಅವಧಿ ಕೊಟ್ಟು ಮೂರು ಕಂತುಗಳಲ್ಲಿ ತೀರಿಸಿ ಎಂದರೆ, ಸೊನ್ನೆ ಬಡ್ಡಿಯ ಹೆಸರಿನಲ್ಲಿ ವರ್ಷಕ್ಕೆ ಶೇಕಡಾ 18ರ ದರವನ್ನು ತೆತ್ತಂತಾಗುತ್ತದೆ. ಸೊನ್ನೆಯೊಂದನ್ನೇ ನೋಡಿ ಅವಧಿಯನ್ನು ನೋಡದವರಿಗೆ ಇದು ಕಾಣುವುದಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಹಳೆಯ ಕಾರ್ಡಿನಿಂದ. ಅದರ ಬಿಲ್ಲಿನಲ್ಲಿದ್ದ ಬಾಕಿ ಎಷ್ಟಿತ್ತೋ ಅಷ್ಟನ್ನೇ ವರ್ಗಾಯಿಸಲು ಹೇಳಿ, ಕಾರ್ಡನ್ನು ಬೀರುವಿನ ಡ್ರಾಯರಿಗೆ ಹಾಕಿ, ಆ ಲೆಕ್ಕ ಮುಗಿಯಿತೆಂದು ಕೈ ತೊಳೆದುಕೊಂಡಿದ್ದೆ. ಆದರೆ ಬಿಲ್ ತಯಾರಾದ ದಿನಕ್ಕೂ ಹೊಸ ಬ್ಯಾಂಕಿನ ಹಣ ಹಳೆಯ ಬ್ಯಾಂಕನ್ನು ಸೇರಿದ ದಿನಕ್ಕೂ ನಡುವೆ ಹನ್ನೊಂದು ದಿನಗಳಿದ್ದವು. ಕಾರ್ಡಿನ ಬಡ್ಡಿ ದಿನದ ಲೆಕ್ಕದಲ್ಲಿ ಏರುತ್ತದೆ. ಹನ್ನೊಂದು ದಿನಕ್ಕೆ 1,266 ಬಡ್ಡಿಯಾಗಿ, ಮುಂದಿನ ತಿಂಗಳು ಹಳೆಯ ಕಾರ್ಡಿನಿಂದ ಒಂದು ಬಿಲ್ ಬಂತು. ನಾನು ಅದನ್ನು ತೆರೆದೇ ನೋಡಲಿಲ್ಲ. ಅದರ ಮರುತಿಂಗಳು ತಡಪಾವತಿ ಶುಲ್ಕವೂ ಸೇರಿಕೊಂಡ ಮೇಲೆ ಫೋನ್ ಬಂತು. ಬಿಲ್ ತೆರೆಯದಿದ್ದುದು ನನ್ನದೇ ತಪ್ಪು, ಅದನ್ನು ಬ್ಯಾಂಕಿನ ತಲೆಗೆ ಕಟ್ಟುವುದಿಲ್ಲ. ಆದರೂ ವರ್ಗಾವಣೆ ಮುಗಿದ ದಿನ ಬಂದ ಸಂದೇಶದಲ್ಲಿ "ತಮ್ಮ ಹಳೆಯ ಬಾಕಿ ಸಂದಾಯವಾಗಿದೆ" ಎಂದಿತ್ತೇ ಹೊರತು, "ಈ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರಬಹುದು, ದಯವಿಟ್ಟು ನೋಡಿಕೊಳ್ಳಿ" ಎಂಬ ಒಂದು ಸಾಲು ಇರಲಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಈ ಪತ್ರ ಬರೆಯಲು ಅದೇ ಮುಖ್ಯ ಕಾರಣ.

ಮೂರನೆಯ ತಿಂಗಳಲ್ಲಿ ತುರ್ತಾಗಿ 20,000ದ ಖರೀದಿಯೊಂದನ್ನು ಅದೇ ಹೊಸ ಕಾರ್ಡಿನಲ್ಲಿ ಮಾಡಿದೆ. ಖರೀದಿಗೆ ಬಡ್ಡಿ ಬೀಳಬಾರದೆಂದು ಮರುತಿಂಗಳು ಗಡುವಿಗೆ ಮೊದಲೇ, ಎಂದಿನ 8,600ರ ಜೊತೆಗೆ ಆ 20,000ವನ್ನೂ ಸೇರಿಸಿ ಒಟ್ಟು 28,600 ಕಟ್ಟಿದೆ. ಖರೀದಿಯ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತೆಂದೇ ನನ್ನ ನಂಬಿಕೆ. ಒಟ್ಟು ಬಾಕಿ ನಾನು ಅಂದಾಜು ಮಾಡಿದಂತೆಯೇ ಇಳಿಯುತ್ತಿದ್ದುದರಿಂದ ನಡುವಿನ ತಿಂಗಳುಗಳ ಸ್ಟೇಟ್‌ಮೆಂಟುಗಳ ಮೇಲೆ ಸುಮ್ಮನೆ ಕಣ್ಣಾಡಿಸಿ ಬಿಟ್ಟೆ. ಏಳನೆಯ ತಿಂಗಳಲ್ಲಿ ಒಂದು ಭಾನುವಾರ ಎಲ್ಲ ಸ್ಟೇಟ್‌ಮೆಂಟುಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ನೋಟ್ ಪುಸ್ತಕದಲ್ಲಿ ಸಾಲು ಸಾಲಾಗಿ ಬರೆದು ಕೂಡಿಸಿದಾಗ ನನ್ನ ಮೊತ್ತಕ್ಕೂ ಬ್ಯಾಂಕಿನ ಮೊತ್ತಕ್ಕೂ ಮೂರು ಸಾವಿರದ ಹತ್ತಿರ ಹತ್ತಿರ ವ್ಯತ್ಯಾಸ ಬಂತು. ಎರಡು ಸಲ ಕೂಡಿಸಿದೆ. ನನ್ನ ಲೆಕ್ಕವೇ ತಪ್ಪಿರಬೇಕೆಂದು ಮೂರನೆಯ ಸಲವೂ ಕೂಡಿಸಿದೆ. ಕೊನೆಗೆ ನಾಲ್ಕನೆಯ ಸ್ಟೇಟ್‌ಮೆಂಟಿನ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳ ನಡುವೆ "ಬಡ್ಡಿ: 700" ಎಂಬ ನಮೂದು ಕಂಡಿತು. ಅದರ ಮುಂದಿನದರಲ್ಲಿ ಅದು ಇನ್ನಷ್ಟು ಬೆಳೆದಿತ್ತು.

ಆಗಿದ್ದದ್ದು ಇಷ್ಟು. ನಾನು ಖರೀದಿಗೆಂದು ಕಟ್ಟಿದ 20,000ವನ್ನೂ ಬ್ಯಾಂಕು ವರ್ಗಾವಣೆಯ ಬಾಕಿಗೇ, ಎಂದರೆ ಬಡ್ಡಿಯೇ ಇಲ್ಲದ ಬಾಕಿಗೇ ಜಮೆ ಮಾಡಿಕೊಂಡಿತ್ತು. ಖರೀದಿಯ 20,000 ಕದಲದೆ ಅಲ್ಲೇ ಉಳಿದು ತಿಂಗಳಿಗೆ ಶೇಕಡಾ 3.5ರಂತೆ ಬೆಳೆಯುತ್ತಿತ್ತು. ನಾಲ್ಕು ತಿಂಗಳಿಗೆ 22,950 ಆಗಿತ್ತು. ಸೊನ್ನೆ ಬಡ್ಡಿಯ ಬಾಕಿ 22,800ಕ್ಕೆ ಇಳಿದಿತ್ತು. ಎರಡೂ ಬಾಕಿಗಳು ಒಂದೇ ಕಾರ್ಡಿನಲ್ಲಿ ಅಕ್ಕಪಕ್ಕ ಕೂತಿದ್ದವು, ನನ್ನ ಕಂತೆಲ್ಲ ನಿರುಪದ್ರವಿಯಾದ ಬಾಕಿಗೆ ಹೋಗುತ್ತಿತ್ತು, ಉಪದ್ರವ ಕೊಡುವ ಬಾಕಿಯನ್ನು ಯಾರೂ ಮುಟ್ಟಿರಲಿಲ್ಲ. ಇನ್ನೊಂದು ವಿಷಯವೂ ಆಗಲೇ ತಿಳಿಯಿತು. ಖರೀದಿಗೆ ಸಾಮಾನ್ಯವಾಗಿ ಸಿಗುವ ಬಡ್ಡಿರಹಿತ ದಿನಗಳು ಹಿಂದಿನ ಬಿಲ್ಲನ್ನು ಪೂರ್ತಿಯಾಗಿ ಕಟ್ಟಿದವರಿಗೆ ಮಾತ್ರ. ವರ್ಗಾವಣೆಯ ಬಾಕಿ ಇದ್ದಷ್ಟು ಕಾಲ ಬಿಲ್ ಪೂರ್ತಿ ಕಟ್ಟಿದಂತಾಗುವುದಿಲ್ಲ, ಹಾಗಾಗಿ ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಓಡತೊಡಗಿತ್ತು.

ಗ್ರಾಹಕ ಸೇವೆಯವರು ನನ್ನ ಪ್ರಶ್ನೆಗೆ, ಕಡಿಮೆ ದರದ ಬಾಕಿಗೆ ಮೊದಲು ಜಮೆ ಮಾಡುವುದು ಒಪ್ಪಂದದಲ್ಲಿಯೇ ಇದೆ ಎಂದು ಉತ್ತರಿಸಿದರು. ತೆಗೆದು ನೋಡಿದೆ, ಇತ್ತು. ಖರೀದಿಯ ಬಾಕಿಯನ್ನಷ್ಟೇ ತೀರಿಸಲು ದಾರಿಯಿದೆಯೇ ಎಂದು ಕೇಳಿದಾಗ, ವರ್ಗಾವಣೆಯ ಬಾಕಿಯನ್ನು ಪೂರ್ತಿ ತೀರಿಸಿದ ಮೇಲೆಯೇ ಹಣ ಆ ಕಡೆಗೆ ಹೋಗುತ್ತದೆ ಎಂದರು. ಬೇರೆ ದಾರಿ ಕಾಣದೆ ಠೇವಣಿಯೊಂದನ್ನು ಅವಧಿಗೆ ಮೊದಲೇ ಮುರಿಸಿ, 45,750ನ್ನು ಒಟ್ಟಿಗೇ ಕಟ್ಟಿ ಮುಗಿಸಿದೆ. ಹನ್ನೆರಡು ತಿಂಗಳ ಸೊನ್ನೆಗೆಂದು ಶುಲ್ಕ ಕೊಟ್ಟವಳಿಗೆ ದಕ್ಕಿದ್ದು ಏಳು ತಿಂಗಳು.

ಇದು ತಪ್ಪಿಸಲಾಗದ ಬ್ಯಾಂಕಿಂಗ್ ವಿಧಿಯೇನಲ್ಲ ಎಂಬುದು ಆಮೇಲೆ ಓದಿದಾಗ ತಿಳಿಯಿತು. ಅಮೆರಿಕದಲ್ಲಿ 2009ರ ಕ್ರೆಡಿಟ್ ಕಾರ್ಡ್ ಕಾಯ್ದೆಯ ಪ್ರಕಾರ, ಕನಿಷ್ಠ ಪಾವತಿಗಿಂತ, ಎಂದರೆ ಆ ತಿಂಗಳು ಕಟ್ಟಲೇಬೇಕಾದ ಅತಿ ಕಡಿಮೆ ಮೊತ್ತಕ್ಕಿಂತ, ಹೆಚ್ಚಾಗಿ ಗ್ರಾಹಕ ಕಟ್ಟುವ ಹಣವನ್ನು ಅತಿ ಹೆಚ್ಚು ಬಡ್ಡಿದರದ ಬಾಕಿಗೇ ಮೊದಲು ಜಮೆ ಮಾಡಬೇಕು. ಬ್ರಿಟನ್ನಿನಲ್ಲಿಯೂ 2011ರಿಂದ ದುಬಾರಿ ಬಾಕಿಗೇ ಮೊದಲ ಜಮೆ. ನಾನು ಕಟ್ಟಿದ 28,600ಕ್ಕೆ ಈ ಕ್ರಮ ಅನ್ವಯವಾಗಿದ್ದರೆ ಖರೀದಿಯ ಲೆಕ್ಕ ನಾಲ್ಕನೆಯ ತಿಂಗಳಿಗೇ ಮುಗಿಯುತ್ತಿತ್ತು. ಕಂತು ಅದೇ, ಕಾರ್ಡು ಅದೇ, ಜಮೆಯ ಕ್ರಮವೊಂದು ಬದಲಾಗಿದ್ದರೆ ಸಾಕಿತ್ತು.

ಕ್ರಮವನ್ನು ಬದಲಾಯಿಸಲು ಕಾನೂನು ಬೇಕು, ಅದು ನಿಧಾನದ ಕೆಲಸ. ಆದರೆ ತಿಳಿಸುವುದಕ್ಕೆ ಬೇಕಾದದ್ದು ಅರ್ಧ ಪುಟದ ಜಾಗ ಮಾತ್ರ. ಅಮೆರಿಕದಲ್ಲಿ 1988ರಷ್ಟು ಹಿಂದೆಯೇ ಕಾರ್ಡಿನ ಅರ್ಜಿಯ ಜೊತೆಗೆ ದರ, ಶುಲ್ಕಗಳನ್ನೆಲ್ಲ ಒಂದು ಕೋಷ್ಟಕದಲ್ಲಿ ಕಣ್ಣಿಗೆ ಕಾಣುವಂತೆ ಮುದ್ರಿಸಬೇಕೆಂಬ ಕಾಯ್ದೆ ಬಂತು. ಅದಕ್ಕಾಗಿ ದುಡಿದ ಜನಪ್ರತಿನಿಧಿ ಚಾರ್ಲ್ಸ್ ಶೂಮರ್ ಅವರ ಹೆಸರಿನಿಂದಲೇ ಆ ಚೌಕವನ್ನು ಇಂದಿಗೂ ಕರೆಯುತ್ತಾರೆ. ಕನಿಷ್ಠ ಪಾವತಿಯನ್ನಷ್ಟೇ ಮಾಡುತ್ತ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಸ್ಟೇಟ್‌ಮೆಂಟಿನಲ್ಲಿ ಮುದ್ರಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವೂ ಹೇಳಿತು. ಒಳ್ಳೆಯದೇ. ಆದರೆ ಅರ್ಜಿಯ ಚೌಕವನ್ನು ನೋಡುವುದು ಒಂದೇ ಸಲ, ಕಾರ್ಡು ಕೈಗೆ ಬರುವ ಮೊದಲು. ಬಾಕಿಯನ್ನು ವರ್ಗಾಯಿಸಿಕೊಂಡವರಿಗೆ ತಿಳಿಯಬೇಕಾದದ್ದು ಪ್ರತಿ ತಿಂಗಳೂ ಬದಲಾಗುತ್ತಿರುತ್ತದೆ.

ಕನಿಷ್ಠ ಪಾವತಿಯ ಮಾತು ಬಂದದ್ದರಿಂದ ನನ್ನ ಸಹೋದ್ಯೋಗಿಯೊಬ್ಬರ ವಿಷಯವನ್ನೂ ಹೇಳಿಬಿಡುತ್ತೇನೆ. ಅವರು ಇಂಥದ್ದೇ ಸೌಲಭ್ಯ ಪಡೆದು, ಬಡ್ಡಿಯಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ತಿಂಗಳು ತಿಂಗಳೂ ಬಿಲ್ಲಿನಲ್ಲಿ ಕೇಳಿದಷ್ಟನ್ನೇ, ಎಂದರೆ ಬಾಕಿಯ ಶೇಕಡಾ 5ನ್ನು, ಒಂದು ದಿನವೂ ತಪ್ಪದೆ ಕಟ್ಟಿದರು. ಬಾಕಿ ಇಳಿದಂತೆ ಆ ಶೇಕಡಾ 5ರ ಮೊತ್ತವೂ ಇಳಿಯುತ್ತ ಹೋಗುತ್ತದೆ. ಹನ್ನೆರಡನೆಯ ಕಂತು ಕಟ್ಟಿದಾಗ, ನನ್ನಷ್ಟೇ ಇದ್ದ 1,03,000ದ ಬಾಕಿಯಲ್ಲಿ 55,600ಕ್ಕೂ ಹೆಚ್ಚು ಉಳಿದಿತ್ತು, ಮರುದಿನದಿಂದ ಅದಕ್ಕೆ ಪೂರ್ತಿ ಬಡ್ಡಿ. ಅವಧಿಯನ್ನು ಅವರು ಮೊದಲ ಬಿಲ್ಲಿನಿಂದ ಎಣಿಸಿದ್ದರು, ಬ್ಯಾಂಕು ಮಂಜೂರಾತಿಯ ದಿನದಿಂದ ಎಣಿಸಿತ್ತು. ಈಗ ಆ ಉಳಿಕೆಯನ್ನು ಮೂರನೆಯ ಕಾರ್ಡೊಂದಕ್ಕೆ ವರ್ಗಾಯಿಸಿ ಮತ್ತೊಮ್ಮೆ ಶುಲ್ಕ ತೆತ್ತಿದ್ದಾರೆ. ಗಡುವು ತಪ್ಪಿಸದೆ ಕಟ್ಟಿದ ಮನುಷ್ಯ ಅವರು, ಅವರನ್ನು ಬೇಜವಾಬ್ದಾರರೆಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ವರ್ಗಾವಣೆಯ ಬಾಕಿ ಇರುವ ಪ್ರತಿಯೊಬ್ಬ ಗ್ರಾಹಕರ ಸ್ಟೇಟ್‌ಮೆಂಟಿನ ಮೊದಲ ಪುಟದಲ್ಲಿ, ಕಟ್ಟಬೇಕಾದ ಮೊತ್ತವನ್ನು ಅಚ್ಚು ಮಾಡುವಷ್ಟೇ ದೊಡ್ಡ ಅಕ್ಷರಗಳಲ್ಲಿ, ವರ್ಗಾವಣೆಯ ಬಾಕಿ ಎಷ್ಟು ಮತ್ತು ಖರೀದಿಯ ಬಾಕಿ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ತೋರಿಸಲಿ. ಸೊನ್ನೆ ಬಡ್ಡಿ ಮುಗಿಯುವ ದಿನಾಂಕವನ್ನೂ ಆ ಬಳಿಕದ ದರವನ್ನೂ ಅಲ್ಲೇ ಹೇಳಲಿ. ಆ ದಿನಾಂಕದೊಳಗೆ ಸಾಲ ತೀರಬೇಕಾದರೆ ತಿಂಗಳಿಗೆ ಎಷ್ಟು ಕಟ್ಟಬೇಕು ಎಂಬುದನ್ನು ಕನಿಷ್ಠ ಪಾವತಿಯ ಪಕ್ಕದಲ್ಲೇ ನಮೂದಿಸಲಿ. ಹಿಂದಿನ ತಿಂಗಳು ಕಟ್ಟಿದ ಹಣ ಯಾವ ಬಾಕಿಗೆ ಎಷ್ಟು ಜಮೆಯಾಯಿತು ಎಂಬ ಒಂದು ಸಾಲನ್ನು ತಪ್ಪದೆ ಹಾಕಲಿ. ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕಬಲ್ಲ ಗಣಕಯಂತ್ರಕ್ಕೆ ಈ ಅಂಕಿಗಳೆಲ್ಲ ಗೊತ್ತಿರುತ್ತವೆ, ಹೊಸದಾಗಿ ಲೆಕ್ಕ ಹಾಕುವಂಥದ್ದು ಏನೂ ಇಲ್ಲ. ಅಲ್ಲಿಯವರೆಗೆ, ಬಾಕಿ ವರ್ಗಾಯಿಸಿಕೊಂಡ ಕಾರ್ಡಿನಲ್ಲಿ ಬೇರೇನನ್ನೂ ಖರೀದಿಸದಿರಿ, ಹಳೆಯ ಕಾರ್ಡಿನ ಮುಂದಿನ ಎರಡು ಬಿಲ್ಲುಗಳನ್ನು ತೆರೆದು ನೋಡಿ ಎಂದಷ್ಟೇ ತಮ್ಮ ಓದುಗರಿಗೆ ನಾನು ಹೇಳಬಲ್ಲೆ.

ಕಳೆದ ವಾರ ಇನ್ನೊಂದು ಕಾರ್ಡಿನವರು ಫೋನ್ ಮಾಡಿ ಹದಿನೈದು ತಿಂಗಳ ಸೊನ್ನೆ ಬಡ್ಡಿಯನ್ನು ವಿವರಿಸಿದರು. ಕಟ್ಟಿದ ಹಣ ಯಾವ ಬಾಕಿಗೆ ಮೊದಲು ಜಮೆಯಾಗುತ್ತದೆ ಎಂದು ಕೇಳಿದೆ. ಆ ಹೆಣ್ಣುಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲ ಸ್ಟೇಟ್‌ಮೆಂಟಿನಲ್ಲೇ ಬರುತ್ತೆ ಮೇಡಂ" ಎಂದಳು. ನನ್ನ ಏಳು ಸ್ಟೇಟ್‌ಮೆಂಟುಗಳು ಇನ್ನೂ ಮೇಜಿನ ಮೇಲೇ ಇವೆ, ಯಾವುದರಲ್ಲೂ ಅದು ಬಂದಿಲ್ಲ.

ಇತಿ,
ತಮ್ಮ ವಿಶ್ವಾಸಿ,
ಕಾರ್ಡ್ ಗ್ರಾಹಕಿಯೊಬ್ಬಳು