ನಾಯಿ ಸಾಕುವುದಕ್ಕೆ ಮನೆ ಖಾತಾ ಯಾಕೆ ಸ್ವಾಮಿ? ಮೈಸೂರು ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ, ನಮಸ್ಕಾರ.

ಮೈಸೂರಿನಲ್ಲಿ ದುಡ್ಡು ಕೊಟ್ಟು ಲ್ಯಾಬ್ರಡಾರ್ ಮರಿ ತರುವುದು ಬಲು ಸುಲಭ. ಫೋನ್ ಮಾಡಿ, ಮುಂಗಡ ಕಳಿಸಿದರೆ ಸಂಜೆಯೊಳಗೆ ಮರಿ ಮನೆ ಬಾಗಿಲಲ್ಲಿರುತ್ತದೆ. ನಿಮ್ಮದು ಸ್ವಂತ ಮನೆಯಾ, ವಯಸ್ಸೆಷ್ಟು, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ನಿಯಮವೇ ಇದೆ, ಅದನ್ನೂ ಕೇಳುವವರಿಲ್ಲ. ಅದೇ ಶೆಲ್ಟರ್‌ನಲ್ಲಿರುವ ಒಂದು ನಾಟಿ ನಾಯಿಯನ್ನು ಪುಕ್ಕಟೆ ಕೊಡಿ, ಸಾಕಿಕೊಳ್ಳುತ್ತೇವೆ ಅಂದು ನೋಡಿ. ಹೆಣ್ಣು ಕೇಳಲು ಹೋದವರಿಗೂ ಅಷ್ಟು ವಿಚಾರಣೆ ಇರುವುದಿಲ್ಲ.

ಈ ಪತ್ರ ನಿಮಗೇ ಯಾಕೆ ಅಂದರೆ, ವಾರ್ಡಿನಲ್ಲಿ ಹೇಳಿಕೊಳ್ಳೋಣ ಅಂದರೆ ಕಾರ್ಪೊರೇಟರ್‌ಗಳ ಅವಧಿ 2023ರಲ್ಲೇ ಮುಗಿದಿದೆ. ಇನ್ನೊಂದು ಕಾರಣ, ಈ ಕೆಲಸ ಈಗ ಪಾಲಿಕೆಯದ್ದೇ ಆಗಿದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಬೀದಿ ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಿ ಅಂದಿದ್ದನ್ನು ಎಲ್ಲರೂ ಓದಿದರು. ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬೀದಿ ನಾಯಿ ಸಾಕಲು ಇಷ್ಟ ಇರುವವರು ತಮ್ಮ ಊರಿನ ಪಾಲಿಕೆಗೆ ಅರ್ಜಿ ಹಾಕಬಹುದು, ಪಾಲಿಕೆ ಆ ನಾಯಿಗೆ ಗುರುತು ಹಾಕಿ ದತ್ತು ಕೊಡಬೇಕು, ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಪಡೆದವರ ಜವಾಬ್ದಾರಿ. ಇಷ್ಟೇ. ಖಾತಾ, ಕಾಂಪೌಂಡು, ವಯಸ್ಸು ಯಾವುದೂ ಅದರಲ್ಲಿಲ್ಲ. ಅದಕ್ಕೂ ಮೊದಲು, 2022ರಲ್ಲೇ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಬೀದಿ ನಾಯಿಗಳನ್ನು ದತ್ತು ಕೊಡುವ ಕ್ರಮ ಹೇಗಿರಬೇಕು ಅಂತ ಬರೆದು ಎಲ್ಲ ರಾಜ್ಯಗಳಿಗೂ ಕಳಿಸಿದೆ.

ಆಮೇಲೆ ಸುಪ್ರೀಂ ಕೋರ್ಟಿನದ್ದೇ 2025ರ ನವೆಂಬರ್ 7ರ ಆದೇಶ ಬಂತು. ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳಲ್ಲಿರುವ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಹಾಕಿ, ಅಲ್ಲಿಗೇ ವಾಪಸ್ ಬಿಡಬೇಡಿ ಅಂತ. ಕೆ.ಆರ್. ಆಸ್ಪತ್ರೆ ಆವರಣ, ಸಬರ್ಬನ್ ಬಸ್ ನಿಲ್ದಾಣ, ಮಾನಸಗಂಗೋತ್ರಿ ಇವೆಲ್ಲ ಅದರಲ್ಲಿ ಬರುತ್ತವೆ ಅಲ್ವಾ? ಅಂದರೆ ಒಳಗೆ ಹೋಗುವ ನಾಯಿಗಳು ಜಾಸ್ತಿಯಾಗುತ್ತವೆ, ಹೊರಗೆ ಬರಲು ಇರುವುದು ದತ್ತು ಒಂದೇ ದಾರಿ. ಒಂದು ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅಷ್ಟೂ ವರ್ಷ ಅದರ ಅನ್ನ, ಔಷಧಿ, ನೋಡಿಕೊಳ್ಳುವವರ ಸಂಬಳ ಎಲ್ಲ ನಮ್ಮ ತೆರಿಗೆ ದುಡ್ಡಿನಿಂದಲೋ ದಾನಿಗಳ ದುಡ್ಡಿನಿಂದಲೋ ಬರಬೇಕು. ಸಾಕುತ್ತೇವೆ ಅಂತ ತಾವಾಗೇ ಬಂದವರನ್ನು ವಾಪಸ್ ಕಳಿಸುವಷ್ಟು ಅನುಕೂಲ ನಮಗೆಲ್ಲಿದೆ?

ವಾಪಸ್ ಹೇಗೆ ಕಳಿಸುತ್ತಾರೆ ಅಂತ ಹೇಳುತ್ತೇನೆ. ಕುವೆಂಪುನಗರದಲ್ಲಿ ನಮ್ಮ ಬೀದಿಯಲ್ಲಿ ರಿಟೈರ್ ಆದ ಟೀಚರ್ ಒಬ್ಬರಿದ್ದಾರೆ. ಒಂಟಿ ಜೀವ, ಬಾಡಿಗೆ ಮನೆ, ಮಗ ಪುಣೆಯಲ್ಲಿ. ಮರಿ ಬೇಡ, ಬೆಳೆದ ನಾಯಿಯೇ ಸಾಕು, ಮರಿಯ ಹಿಂದೆ ಓಡುವ ಶಕ್ತಿ ನನಗಿಲ್ಲ ಅಂದರು. ಜೊತೆಗೆ ನಾನೂ ಹೋಗಿದ್ದೆ. ಯಾವ ಶೆಲ್ಟರ್ ಅಂತ ಹೇಳುವುದಿಲ್ಲ, ಅಲ್ಲಿರುವವರು ಕೆಟ್ಟವರೇನಲ್ಲ. ಆಗ ತಾನೇ ತೊಳೆದ ಸಿಮೆಂಟ್ ನೆಲ, ಬ್ಲೀಚಿಂಗ್ ಪೌಡರ್ ವಾಸನೆ, ಪ್ರತಿ ಗೂಡಿನ ಕಂಬಿಗೂ ತಂತಿಯಲ್ಲಿ ಕಟ್ಟಿದ ಒಂದೊಂದು ಕಾರ್ಡು. ಒಂದು ಕಾರ್ಡಿನಲ್ಲಿ ಹೆಣ್ಣು, ಕಂದು ಬಣ್ಣ, ತಂದ ತಾರೀಖು, ಆಪರೇಷನ್ ತಾರೀಖು ಇತ್ತು. ಹೆಸರಿಲ್ಲ. ಟೀಚರ್ ಕುಕ್ಕರಗಾಲಲ್ಲಿ ಕೂತ ತಕ್ಷಣ ಆ ಕಂದು ನಾಯಿ ಬಂದು ಹಿಂದೆ ತಿರುಗಿ ಬೆನ್ನನ್ನು ಕಂಬಿಗೆ ಒತ್ತಿ ನಿಂತಿತು, ಕೆರೆಯಲಿ ಅಂತ. ಇವರು ಕೆರೆದರು. ನಿಲ್ಲಿಸಿದರೆ ತಿರುಗಿ ನೋಡುತ್ತಿತ್ತು.

ಇಷ್ಟಾದ ಮೇಲೆ ಫಾರಂ ಬಂತು. ಮನೆ ಸ್ವಂತದ್ದಾದರೆ ಖಾತಾ ನಕಲು, ಬಾಡಿಗೆಯದ್ದಾದರೆ ಮಾಲೀಕರ ಒಪ್ಪಿಗೆ ಪತ್ರ. ಕಾಂಪೌಂಡ್ ಎತ್ತರ ಎಷ್ಟು? ಅರವತ್ತು ದಾಟಿದ್ದರೆ ಜವಾಬ್ದಾರಿ ಹೊರುವ ಇನ್ನೊಬ್ಬರ ಸಹಿ, ಅವರು ಮನೆಯವರೇ ಆಗಿರಬೇಕು, ಇದೇ ಊರಿನಲ್ಲೇ ಇರಬೇಕು. ನಾನು ಹಾಕುತ್ತೇನೆ ಅಂದರೆ ಪಕ್ಕದ ಮನೆಯವರದ್ದು ನಡೆಯಲ್ಲ ಅಂದರು. ಮನೆ ಮಾಲೀಕರು ಬಾಯಲ್ಲಿ ಹೂಂ ಅಂದಿದ್ದರು, ಕಾಗದ ಅಂದಾಗ ಹಿಂದೆ ಸರಿದರು, ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ ಅಂತ. ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಊರಿನ ಮಕ್ಕಳನ್ನೇ ನಂಬಿ ಒಪ್ಪಿಸಿದ್ದ ಹೆಂಗಸಿಗೆ ಒಂದು ನಾಯಿ ಒಪ್ಪಿಸಲು ಆಗಲಿಲ್ಲ ನೋಡಿ.

ಶೆಲ್ಟರ್‌ನವರ ಭಯ ಸುಳ್ಳಲ್ಲ. ಮರಿ ತಗೊಂಡು ಹೋಗಿ ಕಾರ್ಪೆಟ್ ಕಡಿಯಿತು ಅಂತ ವಾರದೊಳಗೆ ರಿಂಗ್ ರೋಡಿನಲ್ಲಿ ಬಿಟ್ಟು ಬರುವವರಿದ್ದಾರೆ. ತೋಟದ ಮನೆ ಕಾಯಲಿ ಅಂತ ಒಯ್ದು, ಬಿಸಿಲು ಮಳೆ ನೋಡದೆ ಸರಪಳಿಯಲ್ಲಿ ಕಟ್ಟಿ ಹಾಕುವವರೂ ಇದ್ದಾರೆ. ಆದರೆ ಖಾತಾ ನೋಡಿದರೆ ಇದು ಗೊತ್ತಾಗುತ್ತದಾ? ತೋಟದ ಮನೆಯವರ ಹತ್ತಿರ ಖಾತಾನೂ ಇರುತ್ತದೆ, ಪಹಣಿಯೂ ಇರುತ್ತದೆ, ಎತ್ತರದ ಕಾಂಪೌಂಡೂ ಇರುತ್ತದೆ. ಕೇಳಬೇಕಾದ್ದು ಬೇರೆ. ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರಾ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ಎಲ್ಲಿ ಮಲಗಿಸುತ್ತೀರಿ? ಕೊಟ್ಟ ಮೇಲೆ ಒಂದೆರಡು ಸಲ ಫೋನ್ ಮಾಡಿ, ಒಂದು ಸಲ ಮನೆಗೆ ಹೋಗಿ ಬಂದರೆ ಹತ್ತು ಕಾಗದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ. ಹೊಂದಿಕೊಳ್ಳದಿದ್ದರೆ ಬೈಯದೆ ವಾಪಸ್ ತಗೊಳ್ಳುತ್ತೇವೆ ಅಂತ ಒಂದು ಮಾತು ಮೊದಲೇ ಹೇಳಿಬಿಟ್ಟರೆ, ರಿಂಗ್ ರೋಡಿನಲ್ಲಿ ಬಿಡುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ ಅನ್ನುವುದು ನನ್ನ ಅಂದಾಜು.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ಬೆಳೆದ ನಾಯಿಯನ್ನು ಆಪರೇಷನ್ ಆಗದೆ, ರೇಬೀಸ್ ಲಸಿಕೆ ಬೀಳದೆ ಕೊಡಬೇಡಿ. ನಾಯಿ ಗಬ್ಬವಾದ ಎರಡೇ ತಿಂಗಳಲ್ಲಿ ಈಯುತ್ತದೆ, ದತ್ತು ಕೊಟ್ಟ ಒಂದು ಹೆಣ್ಣು ನಾಯಿ ನಾಳೆ ಅರ್ಧ ಡಜನ್ ಮರಿ ಹಾಕಿದರೆ ಮಾಡಿದ ಕೆಲಸವೆಲ್ಲ ದಂಡ. ಆದರೆ ಅದನ್ನು ಮಾಡಿಸಿ ಕೊಡಬೇಕಾದ್ದು ನೀವು. ಪ್ರೈವೇಟ್ ಕ್ಲಿನಿಕ್ಕಿನಲ್ಲಿ ಆಪರೇಷನ್‌ಗೆ ಸಾವಿರಾರು ರೂಪಾಯಿ ಆಗುತ್ತದೆ. ಆ ಖರ್ಚಿಗೆ ಹೆದರಿ ಹಿಂದೆ ಸರಿಯುವವರು ಜಾಸ್ತಿ ಬಾಡಿಗೆ ಮನೆಗಳಲ್ಲೇ ಇರುವವರು. ಆಪರೇಷನ್ ಆಗುವ ವಯಸ್ಸಾಗದ ಮರಿಯಾದರೆ, ಇಂಥ ತಿಂಗಳು ಕರೆದುಕೊಂಡು ಬನ್ನಿ ಅಂತ ಚೀಟಿ ಬರೆದುಕೊಡಿ, ಪುಕ್ಕಟೆ ಮಾಡಿಸಿ.

ನಮ್ಮ ಊರಿನಲ್ಲೇ ಒಂದು ಪಾಠ ಇದೆ. 1892ರಲ್ಲಿ ಶುರುವಾದ ಮೃಗಾಲಯ ನಮ್ಮದು, ಅಲ್ಲಿ ಆನೆ, ಹುಲಿಯನ್ನೂ ದತ್ತು ಪಡೆಯಬಹುದು. ಯಾವ ಪ್ರಾಣಿಗೆ ಎಷ್ಟು ಅಂತ ಪಟ್ಟಿ ಇದೆ, ಯಾರು ಬೇಕಾದರೂ ಕೂತಲ್ಲೇ ದುಡ್ಡು ಕಟ್ಟಬಹುದು. ಅದು ಬರೀ ಖರ್ಚು ಕೊಡುವ ದತ್ತು, ಹುಲಿಯನ್ನು ಮನೆಗೆ ಕಳಿಸುವುದಿಲ್ಲ, ಸರಿ. ಆದರೆ ಏನು ಸಿಗುತ್ತದೆ, ಏನು ಕೊಡಬೇಕು, ಯಾರನ್ನು ಕೇಳಬೇಕು ಅನ್ನುವುದು ಅಲ್ಲಿ ಜನಕ್ಕೆ ಗೊತ್ತು. ನಾಯಿ ವಿಷಯದಲ್ಲಿ ಇದು ಯಾವುದೂ ಗೊತ್ತಿಲ್ಲ. ವಲಯ ಕಚೇರಿಯಲ್ಲಿ ಕೇಳಿದರೆ ಆರೋಗ್ಯ ಶಾಖೆ ಅನ್ನುತ್ತಾರೆ, ಅಲ್ಲಿ ಕೇಳಿದರೆ ಪಶುವೈದ್ಯರು ಅನ್ನುತ್ತಾರೆ, ಅವರು ಫೀಲ್ಡಿಗೆ ಹೋಗಿರುತ್ತಾರೆ.

ಪಾಲಿಕೆಗೆ ಒಂಬತ್ತು ವಲಯ ಕಚೇರಿಗಳಿವೆ. ಒಂದೊಂದರಲ್ಲೂ ಕನ್ನಡದಲ್ಲಿ ಒಂದೇ ಪುಟದ ಅರ್ಜಿ ಇಡಿಸಿ. ಆಧಾರ್ ನಕಲು, ಫೋನ್ ನಂಬರ್ ಸಾಕು. ಸಾಕುನಾಯಿ ಲೈಸೆನ್ಸನ್ನೂ ಆಗಲೇ ಕೊಟ್ಟುಬಿಡಿ, ಇನ್ನೊಂದು ಸಲ ಅಲೆಸಬೇಡಿ. ಶೆಲ್ಟರ್‌ನಲ್ಲಿರುವ ನಾಯಿಗಳ ಫೋಟೋ ವಾರಕ್ಕೊಂದು ಸಲ ಪಾಲಿಕೆಯ ಪೇಜಿನಲ್ಲಿ ಹಾಕಿಸಿ. ಮುಖ ಕಾಣುವ ಫೋಟೋ ಆಗಿರಲಿ, ಕಂಬಿ ಫೋಟೋ ಬೇಡ. ಭಾನುವಾರ ಶೆಲ್ಟರ್ ತೆರೆದಿರಲಿ, ಕೆಲಸಕ್ಕೆ ಹೋಗುವವರು ಬುಧವಾರ ಹನ್ನೊಂದು ಗಂಟೆಗೆ ಎಲ್ಲಿಂದ ಬರುತ್ತಾರೆ? ರೈತ ದಸರಾದಲ್ಲಿ ಮುದ್ದುಪ್ರಾಣಿಗಳ ಪ್ರದರ್ಶನ ಆಗುತ್ತದಲ್ಲ, ಜಾತಿ ನಾಯಿಗಳನ್ನು ನೋಡಲು ಜನ ಮುಗಿಬೀಳುತ್ತಾರೆ. ಅದರ ಪಕ್ಕದಲ್ಲೇ ಶೆಲ್ಟರ್ ನಾಯಿಗಳದ್ದೊಂದು ಮಳಿಗೆ ಹಾಕಿಸಿ. ಗಲಾಟೆಗೆ ಹೆದರದ, ಬೆಳೆದ ನಾಯಿಗಳನ್ನಷ್ಟೇ ತನ್ನಿ, ಸಣ್ಣ ಮರಿಗಳಿಗೆ ಆ ಗದ್ದಲ, ಅಲ್ಲಿ ತಗಲುವ ರೋಗ ಎರಡೂ ಬೇಡ.

ಅಪಾರ್ಟ್‌ಮೆಂಟ್ ಸಂಘಗಳಿಗೂ ನಿಮ್ಮ ಸಹಿಯ ಒಂದು ಪತ್ರ ಹೋಗಲಿ. ಸಾಕುಪ್ರಾಣಿ ಇಟ್ಟುಕೊಳ್ಳಬಾರದು ಅಂತ ಸಂಘಗಳು ಬಹುಮತದಿಂದಲೂ ನಿಷೇಧ ಹಾಕುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಇದನ್ನು ನಾವು ಹೇಳಿದರೆ ಸೆಕ್ರೆಟರಿಗಳು ನಗುತ್ತಾರೆ. ಪಾಲಿಕೆ ಸೀಲ್ ಇದ್ದರೆ ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಮನೆ ಮಾಲೀಕರ ಮಾತು ಬೇರೆ, ಅವರನ್ನು ಬಲವಂತ ಮಾಡಲು ಆಗುವುದಿಲ್ಲ. ಆದರೆ ದತ್ತು ಕೊಟ್ಟ ನಾಯಿಯ ಜವಾಬ್ದಾರಿ ಪೂರ್ತಿ ಪಡೆದವರದ್ದು, ಮಾಲೀಕರದ್ದಲ್ಲ ಅಂತ ಅರ್ಜಿಯಲ್ಲೇ ಒಂದು ಸಾಲು ಇದ್ದರೆ ನಮ್ಮ ಟೀಚರ್ ಮನೆ ಮಾಲೀಕರಂಥವರಿಗೆ ಅಷ್ಟೇ ಸಾಕು.

ಅರ್ಜಿ ನಮೂನೆ ಬರೆಯಲು ಸಿಬ್ಬಂದಿ ಇಲ್ಲ ಅಂದರೆ ಹೇಳಿ ಕಳಿಸಿ. ನಮ್ಮ ಬೀದಿಯಲ್ಲಿ ತಾಲ್ಲೂಕು ಕಚೇರಿಯಿಂದ ರಿಟೈರ್ ಆದ ಗುಮಾಸ್ತರೊಬ್ಬರಿದ್ದಾರೆ, ಕೆಲಸವಿಲ್ಲದೆ ಕೈ ಕಡಿಯುತ್ತಿದೆ ಅನ್ನುತ್ತಿರುತ್ತಾರೆ. ಕರಡು ಈ ವಾರವೇ ನಿಮ್ಮ ಕಚೇರಿಗೆ ತಂದು ಕೊಡುತ್ತೇವೆ.

ಇಂತಿ,
ಕುವೆಂಪುನಗರದ ಒಬ್ಬ ತೆರಿಗೆದಾರ