ಎಣ್ಣೆ ಬೆಂಕಿಗೆ ನೀರು ಕೇಳಿದ ಪೊಲೀಸರು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಚುನಾವಣೆಗೆ ಮುಂಚೆ ನಮ್ಮ ಸಂಘದ ಹಾಲ್‌ಗೆ ಬಂದಾಗ ‘ಊಟ ಆಯ್ತಾ?’ ಎಂದು ಕನ್ನಡದಲ್ಲೇ ಕೇಳಿ ಚಪ್ಪಾಳೆ ಗಿಟ್ಟಿಸಿದ್ದಿರಿ. ಆ ಧೈರ್ಯದ ಮೇಲೆ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆದರಬೇಡಿ, ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟು ಬಂದಿದ್ದೇನೆ.

ಮುಂಬೈ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷದಿಂದ ಕೂತವ ನಾನು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ವಡೆ ಕರಿಯುವ ಬಾಣಲೆಗೆ ಬೆಂಕಿ ಹತ್ತಿತು. ಹೊಗೆ ಗಲ್ಲಿಗೆ ಬಂತು, ಗಿರಾಕಿಗಳು ಎದ್ದು ಓಡಿದರು, ಯಾರೋ 101ಕ್ಕೆ ಫೋನ್ ಮಾಡಿದರು. ಮೊದಲು ಬಂದದ್ದು ಬಂಬ್ (ನಮ್ಮಲ್ಲಿ ಅಗ್ನಿಶಾಮಕ ಗಾಡಿಗೆ ಹೀಗೇ ಅನ್ನುವುದು) ಅಲ್ಲ, ಮೋಟರ್‌ಸೈಕಲ್ಲಿನ ಬೀಟ್ ಪೊಲೀಸರೊಬ್ಬರು. ಆ ಹುಡುಗ ಹಿಂದೆಮುಂದೆ ನೋಡದೆ ಅಡುಗೆಮನೆಗೆ ನುಗ್ಗಿ, ‘ಪಾಣಿ ಆಣಾ, ಪಾಣಿ!’ ಎಂದು ಕೂಗಿದರು. ಬಕೆಟ್ಟೂ ಕೈಗೆ ಬಂದಿತ್ತು. ನಮ್ಮ ಭಟ್ಟರು ಅವರ ರಟ್ಟೆ ಹಿಡಿದು ನಿಲ್ಲಿಸಿ, ಗ್ಯಾಸ್ ಬಂದ್ ಮಾಡಿ, ಬಾಣಲೆಯ ಮೇಲೆ ದೊಡ್ಡ ಮುಚ್ಚಳ ಕವುಚಿದರು. ಅಷ್ಟೇ.

ನೀರು ಹಾಕಿದ್ದರೆ? ನೀರು ಎಣ್ಣೆಗಿಂತ ಭಾರ. ಕಾದ ಬಾಣಲೆಯ ತಳಕ್ಕಿಳಿದ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಭಟ್ಟರಿಗೆ ಈ ಲೆಕ್ಕ ಗೊತ್ತಿಲ್ಲ, ಕುಂದಾಪುರದಲ್ಲಿ ಅವರ ಗುರುಗಳು ಬೈದು ಕಲಿಸಿದ್ದು ಗೊತ್ತು. ಪೊಲೀಸರಿಗೆ ಬೈದು ಕಲಿಸಿದವರು ಯಾರೂ ಇರಲಿಲ್ಲ.

ಆದರೆ ಮುಂದಿನದನ್ನೂ ಹೇಳಬೇಕು. ಬಂಬ್ ನಮ್ಮ ಗಲ್ಲಿಯ ತಿರುವಿನಲ್ಲಿ ಒಂದು ಟೆಂಪೊದ ಹಿಂದೆ ಸಿಕ್ಕಿಕೊಂಡಿತು. ಅದರಲ್ಲಿದ್ದವರು ಗಂಟೆ ಹೊಡೆದದ್ದೇ ಬಂತು. ಇದೇ ಹುಡುಗ ಓಡಿಹೋಗಿ, ಪಾನ್ ಅಂಗಡಿಯಲ್ಲಿದ್ದ ಡ್ರೈವರನ ಕಾಲರ್ ಹಿಡಿದು ತಂದು, ಎರಡು ನಿಮಿಷದಲ್ಲಿ ದಾರಿ ಬಿಡಿಸಿದರು. ಅದು ಭಟ್ಟರಿಂದ ಆಗುವ ಕೆಲಸವಲ್ಲ.

ಇವರ ವಿದ್ಯೆ ಅವರಿಗೆ, ಅವರ ವಿದ್ಯೆ ಇವರಿಗೆ ಯಾಕೆ ಗೊತ್ತಿಲ್ಲ ಎಂದು ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸನಿವೇಲ್ ಎಂಬ ಊರಿದೆ. ಅಲ್ಲಿ 1950ರಿಂದ ಪೊಲೀಸ್, ಅಗ್ನಿಶಾಮಕ ಎರಡೂ ಒಂದೇ ಇಲಾಖೆ. ಸೇರಿದ ಪ್ರತಿಯೊಬ್ಬರೂ ಎರಡೂ ವಿದ್ಯೆ ಕಲಿಯಬೇಕು, ಜೊತೆಗೆ ತುರ್ತು ಚಿಕಿತ್ಸೆಯನ್ನೂ. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲೂ ಇದೇ ಪದ್ಧತಿ, ಗಸ್ತಿನ ಕಾರಿನ ಡಿಕ್ಕಿಯಲ್ಲೇ ಬೆಂಕಿಗೆ ಇಳಿಯುವ ಉಡುಪು ಇರುತ್ತದೆ. ಕೇಳಲು ಹೊಸದೆನಿಸಬಹುದು. ನಮ್ಮ ಮುಂಬೈಯಲ್ಲೇ 1887ರಲ್ಲಿ ನಗರಪಾಲಿಕೆ ವಹಿಸಿಕೊಳ್ಳುವ ತನಕ ಬೆಂಕಿ ಆರಿಸುವ ಹೊಣೆ ಪೊಲೀಸರದೇ ಆಗಿತ್ತು.

ಹಾಗೆಂದು ಎರಡನ್ನೂ ಮತ್ತೆ ಒಂದು ಮಾಡಿ ಎಂದು ನಾನು ಕೇಳುತ್ತಿಲ್ಲ. ದಯವಿಟ್ಟು ಮಾಡಬೇಡಿ. 2008ರ ನವೆಂಬರಿನಲ್ಲಿ ತಾಜ್ ಹೋಟೆಲಿನಲ್ಲಿ ಒಳಗೆ ಗುಂಡು ಹಾರುತ್ತಿದ್ದಾಗ ಹೊರಗೆ ಏಣಿ ಹಾಕಿ ಕಿಟಕಿಗಳಿಂದ ಜನರನ್ನು ಇಳಿಸಿದವರು ಅಗ್ನಿಶಾಮಕದವರು. ಒಬ್ಬನೇ ಮನುಷ್ಯ ಬಂದೂಕನ್ನೂ ಏಣಿಯನ್ನೂ ಹಿಡಿಯಲಾರ. 2015ರ ಮೇನಲ್ಲಿ ಕಾಲ್ಬಾದೇವಿಯ ಗೋಕುಲ್ ನಿವಾಸದ ಬೆಂಕಿಗೆ ಮುಖ್ಯ ಅಗ್ನಿಶಾಮಕ ಅಧಿಕಾರಿ ಸುನಿಲ್ ನೇಸರಿಕರ್ ಸೇರಿ ನಾಲ್ವರು ಅಧಿಕಾರಿಗಳು ಬಲಿಯಾದರು. ಅವರಲ್ಲೊಬ್ಬರ ಮನೆತನದ ಹೆಸರು ನಮ್ಮ ಕರಾವಳಿ ಕಡೆ ಕೇಳಿಬರುವ ಅಮೀನ್ ಎಂದು ಪೇಪರಿನಲ್ಲಿ ಓದಿ ನಮ್ಮ ಹೋಟೆಲಿನ ಹುಡುಗರೆಲ್ಲ ಒಂದು ಗಳಿಗೆ ಸುಮ್ಮನಾಗಿದ್ದರು. ಜನ್ಮವಿಡೀ ಅದೇ ಕೆಲಸದಲ್ಲಿ ಪಳಗಿದವರನ್ನೂ ಬೆಂಕಿ ಬಿಡಲಿಲ್ಲ. ಅರ್ಧ ಕಲಿತವರನ್ನು ಅಂಥ ಕಟ್ಟಡದೊಳಗೆ ಕಳಿಸುವುದು ಪಾಪದ ಕೆಲಸ. ಕೇಂದ್ರದ ಕೈಗಾರಿಕಾ ಭದ್ರತಾ ಪಡೆಯಲ್ಲಿ ಕಾವಲೂ ಇದೆ, ಅಗ್ನಿಶಾಮಕವೂ ಇದೆ. ಆದರೆ ಅಲ್ಲೂ ಬೆಂಕಿಯವರದು ಬೇರೆಯೇ ಶಾಖೆ.

ನಾನು ಕೇಳುವುದು ಚಿಕ್ಕದು. ಬೀಟಿನ ಪೊಲೀಸರಿಗೆ ಬಂಬ್ ಬರುವ ತನಕದ ಹತ್ತು ನಿಮಿಷದ ವಿದ್ಯೆ ಕಲಿಸಿ, ಅದೂ ಅಗ್ನಿಶಾಮಕ ದಳದವರ ಕೈಯಿಂದಲೇ. ಎಣ್ಣೆಗೆ ನೀರು ಹಾಕಬಾರದು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಕಾಲಬುಡದಲ್ಲಿ ಮಡುಗಟ್ಟುತ್ತದೆ. ಪೈಪಿನ ಗ್ಯಾಸ್ ಹಗುರ, ಸೂರಿಗೆ ಏರುತ್ತದೆ. ಎರಡರಲ್ಲೂ ಸ್ವಿಚ್ ಮುಟ್ಟಬಾರದು, ಲೈಟು ಆರಿಸಲಿಕ್ಕೂ ಸಹ. ಬೆಂಕಿ ಆರಿಸುವ ಪುಡಿಯ ಸಿಲಿಂಡರನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿಯಬೇಕು. ಅಂಥದೊಂದು ಚಿಕ್ಕ ಸಿಲಿಂಡರ್ ಬೀಟ್ ಗಾಡಿಯಲ್ಲಿ ಇರಲಿ.

ಅತ್ತ ಅಗ್ನಿಶಾಮಕದವರಿಗೂ ಪೊಲೀಸರಿಂದ ಕಲಿಯುವುದಿದೆ. ಬೆಂಕಿ ಎಲ್ಲಿಂದ ಎದ್ದಿತೆಂದು ಗೋಡೆಯ ಮಸಿ ನೋಡಿ ಹೇಳಬಲ್ಲವರು ಅಗ್ನಿಶಾಮಕದವರು, ಪಂಚನಾಮೆ ಬರೆಯುವವರು ಪೊಲೀಸರು. ನಡುವೆ ನೀರು ಹರಿದು, ಸಾಮಾನು ಎಳೆದು ಹಾಕಿ, ಸಾಕ್ಷ್ಯ ಗಟಾರಕ್ಕೆ ಹೋಗಿರುತ್ತದೆ. ಯಾವುದನ್ನು ಕದಲಿಸಬಾರದು ಎಂದು ತಿಳಿದಿದ್ದರೆ ಬೇಕೆಂದೇ ಬೆಂಕಿ ಇಟ್ಟವನು ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲಾರ.

ಪೊಲೀಸರಿಗೆ ಗಣಪತಿ ಬಂದೋಬಸ್ತು, ಸಭೆ, ಮೋರ್ಚಾ ಎಂದು ಮೊದಲೇ ನಿದ್ದೆಯಿಲ್ಲ, ಅದರ ಮೇಲೆ ಇದೊಂದು ಎನ್ನುತ್ತೀರಿ. ಒಪ್ಪುತ್ತೇನೆ. ಆದರೆ ಇದು ಹೊಸ ಡ್ಯೂಟಿಯಲ್ಲ. ಆ ಹುಡುಗ ಹೇಗೂ ಒಳಗೆ ನುಗ್ಗುತ್ತಾರೆ, ತಡೆದರೂ ನುಗ್ಗುತ್ತಾರೆ. ಪೊಲೀಸ್ ಗೃಹ ಇಲಾಖೆಗೆ, ಬಂಬ್ ಪಾಲಿಕೆಗೆ ಸೇರಿದ್ದು. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಲು ನಮ್ಮಂಥವರಿಂದ ಆಗದು, ನಿಮ್ಮಿಂದ ಆಗುತ್ತದೆ.

1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಆ ದಿನ ಪ್ರತಿವರ್ಷ ಭಾಷಣ ಆಗುತ್ತದೆ. ಬರುವ ಏಪ್ರಿಲ್ 14ಕ್ಕೆ ಭಾಷಣದ ಬದಲು ನಮ್ಮ ಗಲ್ಲಿಯಲ್ಲಿ ಪೊಲೀಸ್, ಬಂಬ್ ಇಬ್ಬರದೂ ಒಂದು ಜಂಟಿ ತಾಲೀಮು ಇಡಿಸಿ. ಬಾಣಲೆ, ಎಣ್ಣೆ, ಮುಚ್ಚಳ ನಮ್ಮ ಲೆಕ್ಕದಲ್ಲಿ. ಟೆಂಪೊ ಹೇಗೂ ಅಲ್ಲೇ ಇರುತ್ತದೆ.

ಆ ಹುಡುಗ ಈಗಲೂ ನಮ್ಮಲ್ಲಿ ಕಾಫಿಗೆ ಬರುತ್ತಾರೆ. ಮೊನ್ನೆ ನೇರ ಒಳಗೆ ಹೋಗಿ ಭಟ್ಟರ ಪಕ್ಕ ನಿಂತು, ಗ್ಯಾಸಿನ ಮೇನ್ ವಾಲ್ವ್ ಯಾವ ಕಡೆ ತಿರುಗಿಸಬೇಕು ಎಂದು ಕೇಳುತ್ತಿದ್ದರು.

ಇತಿ ನಿಮ್ಮ ಮತದಾರ,
ಮಾಟುಂಗದ ಒಬ್ಬ ಹೋಟೆಲಿನವ